ಎಸ್‌ಟಿಪಿಯ ತಿಳಿನೀರು ಮತ್ತು ಒಂದು ಚಮಚ ಹೆಪ್ಪು

ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ ನೋಡಲು ಹೋದವರಿಗೆ ಅಲ್ಲಿನ ಆಪರೇಟರ್ ತಪ್ಪದೆ ತೋರಿಸುವುದು ಎರಡು ಬಾಟಲಿ. ಒಂದರಲ್ಲಿ ಒಳಗೆ ಬರುವ ನೀರು. ಬೂದು ಬಣ್ಣ, ತಳದಲ್ಲಿ ಗಸಿ. ಇನ್ನೊಂದರಲ್ಲಿ ಹೊರಗೆ ಹೋಗುವ ನೀರು. ಬಾಟಲಿಯ ಹಿಂದೆ ಹಿಡಿದ ಬೆರಳು ಕಾಣುವಷ್ಟು ತಿಳಿ. "ನೋಡಿ ಸಾರ್, ವಾಸನೆ ಕೂಡ ಇಲ್ಲ" ಅನ್ನುತ್ತಾರೆ. ಅವರ ಮಾತಿನಲ್ಲಿ ಸುಳ್ಳೇನಿಲ್ಲ. ಅವರಿಗೆ ಒಪ್ಪಿಸಿದ ಕೆಲಸವನ್ನು ಅವರು ಮಾಡಿದ್ದಾರೆ.

ಆದರೆ ಎರಡನೇ ಬಾಟಲಿಯಲ್ಲಿ ಕಣ್ಣಿಗೆ ಬೀಳದ ಒಂದು ವಸ್ತು ಉಳಿದಿರುತ್ತದೆ. ಕೊಳಚೆಯ ಜೊತೆ ಬಂದ ಬ್ಯಾಕ್ಟೀರಿಯಾಗಳಲ್ಲಿ ಒಂದು ಸಣ್ಣ ಪಾಲು. ಆ ಪಾಲಿನಲ್ಲಿ ಕೆಲವಕ್ಕೆ ನಾವು ನುಂಗುವ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಮದ್ದನ್ನು ಹೇಗೆ ಮುರಿದು ಹಾಕಬೇಕು, ಒಳಗೆ ಬಂದರೆ ಹೇಗೆ ಹೊರಗೆ ದಬ್ಬಬೇಕು ಅನ್ನುವ ವಿದ್ಯೆ ಅವುಗಳ ಜೀನ್‌ಗಳಲ್ಲಿ ಬರೆದಿದೆ.

ಕೊಳೆಗೂ ಈ ವಿದ್ಯೆಗೂ ಒಂದು ದೊಡ್ಡ ವ್ಯತ್ಯಾಸ. ಕೊಳೆಗೆ ನೀರು ಬೆರೆಸಿದರೆ ತೆಳುವಾಗುತ್ತದೆ. ಈ ವಿದ್ಯೆ ಮೊಸರಿನ ಹೆಪ್ಪಿನ ಥರ. ಲೀಟರ್ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಹೆಪ್ಪು ತೆಳುವಾಯಿತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಬೆಳಗ್ಗೆ ಹೊತ್ತಿಗೆ ಪಾತ್ರೆಯೆಲ್ಲ ಮೊಸರು. ಉಪಮೆ ಅಂತಲೂ ಅನ್ನಬೇಕಾಗಿಲ್ಲ, ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾವೇ.

ಎಸ್‌ಟಿಪಿಯನ್ನು ಕಟ್ಟಿದ್ದು ಯಾತಕ್ಕೆ?

ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ನಗರದ ಕೊಳಚೆ ನದಿಗೆ ಬಿದ್ದರೆ ಮೊದಲು ಆಗುವ ಅನಾಹುತ ಆಮ್ಲಜನಕದ್ದು. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಆ ಹೊಲಸನ್ನು ತಿನ್ನುತ್ತಾ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನು ಸಾಯುತ್ತದೆ, ನದಿ ನಾರುತ್ತದೆ. ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ ಇದಕ್ಕೊಂದು ಅಳತೆ ಕೊಟ್ಟಿತು. ನದಿಗೆ ಬಿಡುವ ನೀರಿನಲ್ಲಿ ಬಿಒಡಿ ಲೀಟರಿಗೆ 20 ಮಿಲಿಗ್ರಾಂ, ತೇಲುವ ಕಣಗಳು 30 ಮಿಲಿಗ್ರಾಂ ದಾಟಬಾರದು. ಬಿಒಡಿ ಅಂದರೆ ಆ ಹೊಲಸನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಈ ಅಳತೆಯ ಹಿಂದೆ ಒಂದು ಷರತ್ತೂ ಇತ್ತು: ಬಿಟ್ಟ ನೀರನ್ನು ನದಿ ಕನಿಷ್ಠ ಎಂಟು ಪಟ್ಟು ತೆಳು ಮಾಡಬೇಕು.

ಪೆನಿಸಿಲಿನ್ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಅಂದರೆ ಎಸ್‌ಟಿಪಿಯ ಮೂಲ ಲೆಕ್ಕಾಚಾರ ಮೊದಲ ಆ್ಯಂಟಿಬಯಾಟಿಕ್‌ಗಿಂತ 16 ವರ್ಷ ಹಳೆಯದು. ಇವತ್ತೂ ನಮ್ಮ ಘಟಕಗಳ ವರದಿಯಲ್ಲಿ ಮೊದಲು ಕಾಣುವುದು ಬಿಒಡಿಯೇ. ಇಂಗ್ಲೆಂಡಿನಲ್ಲಿ ಅದನ್ನು 20 ಡಿಗ್ರಿಯಲ್ಲಿ ಐದು ದಿನ ಇಟ್ಟು ಅಳೆಯುತ್ತಾರೆ. ನಮ್ಮಲ್ಲಿ 27 ಡಿಗ್ರಿಯಲ್ಲಿ ಮೂರೇ ದಿನ. ನಮ್ಮ ಸೆಕೆಯಲ್ಲಿ ಬ್ಯಾಕ್ಟೀರಿಯಾ ಚುರುಕು. ಈ ಸೆಕೆಯ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಈಗಿನ ಬಹುತೇಕ ಎಸ್‌ಟಿಪಿಗಳ ಹೃದಯ ಅಂದರೆ ಏರೇಷನ್ ಟ್ಯಾಂಕ್. ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಹುಟ್ಟಿದ ಉಪಾಯ. ಕೊಳಚೆಗೆ ಕೆಳಗಿನಿಂದ ಗಾಳಿ ಊದುತ್ತಾರೆ. ಗಾಳಿ ಸಿಕ್ಕ ಬ್ಯಾಕ್ಟೀರಿಯಾ ಹೊಲಸನ್ನು ಗಬಗಬ ತಿಂದು ಗುಂಪುಗಟ್ಟಿ ಕೆಸರಾಗುತ್ತವೆ. ಮುಂದಿನ ತೊಟ್ಟಿಯಲ್ಲಿ ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಹೊರಗೆ ಹೋಗುತ್ತದೆ. ಇಲ್ಲಿದೆ ನೋಡಿ ಮಜಾ. ಆ ಕೆಸರಿನ ಒಂದು ಪಾಲನ್ನು ಮತ್ತೆ ಏರೇಷನ್ ಟ್ಯಾಂಕಿಗೆ ವಾಪಸ್ ಕಳಿಸುತ್ತಾರೆ. ಯಾಕೆ? ನಾಳಿನ ಕೊಳಚೆಗೆ ಹೆಪ್ಪು ಬೇಕಲ್ಲ! ನಮ್ಮಮ್ಮ ರಾತ್ರಿ ಒಂದು ಬಟ್ಟಲು ಮೊಸರು ತೆಗೆದಿಡುವ ಲೆಕ್ಕವೇ. ಎಸ್‌ಟಿಪಿ ನಡೆಯುವುದೇ ಬ್ಯಾಕ್ಟೀರಿಯಾವನ್ನು ಸಾಕುವುದರಿಂದ. ಅದನ್ನು ಕೊಲ್ಲುವ ಯಂತ್ರ ಅಂದುಕೊಂಡವರು ಅದನ್ನು ತಲೆಕೆಳಗಾಗಿ ಅರ್ಥ ಮಾಡಿಕೊಂಡಿದ್ದಾರೆ.

ಹಾಗಂತ ಹಾನಿಕಾರಕ ಬ್ಯಾಕ್ಟೀರಿಯಾ ಕಡಿಮೆಯಾಗುವುದಿಲ್ಲ ಅಂತಲ್ಲ. ಚೆನ್ನಾಗಿ ನಡೆಯುವ ಘಟಕದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೋಗುತ್ತವೆ. ಕೇಳಲು ಎಷ್ಟು ಚೆಂದ! ಆದರೆ ಮನೆಗಳಿಂದ ಬರುವ ಕೊಳಚೆಯ 100 ಮಿಲಿಲೀಟರಿನಲ್ಲಿ, ಅಂದರೆ ಒಂದು ಟೀ ಲೋಟದಲ್ಲಿ, ಕರುಳಿನಲ್ಲಿ ಬದುಕುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಸಂಖ್ಯೆ ಕೋಟಿಯ ಆಸುಪಾಸಿನಲ್ಲಿರುತ್ತದೆ. ಕೋಟಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಕಳೆದರೆ ಉಳಿಯುವುದು ಒಂದು ಲಕ್ಷ. ಅದೂ ಬರೀ ಒಂದು ಲೋಟಕ್ಕೆ.

ಪರೀಕ್ಷೆ ಹಾಲ್‌ನ ಚೀಟಿ

ಆ ಏರೇಷನ್ ಟ್ಯಾಂಕಿಗೆ ಯಾರ್‍ಯಾರು ಬಂದು ಸೇರುತ್ತಾರೆ ಅಂತ ಒಮ್ಮೆ ಯೋಚಿಸಿ. ಆಸ್ಪತ್ರೆಯಲ್ಲಿ ಮಲಗಿದವರ ಹೊಟ್ಟೆಯ ಬ್ಯಾಕ್ಟೀರಿಯಾ, ಆರೋಗ್ಯವಾಗಿರುವವರದು, ಕೋಳಿ ಅಂಗಡಿಯದು, ಮಣ್ಣಿನದು, ಮೊದಲೇ ನೀರಿನಲ್ಲಿದ್ದದ್ದು. ಜೊತೆಗೆ ಮದ್ದೂ ಬರುತ್ತದೆ. ನಾವು ನುಂಗಿದ ಆ್ಯಂಟಿಬಯಾಟಿಕ್ ಎಲ್ಲವೂ ದೇಹದಲ್ಲಿ ಕರಗುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯಲ್ಲಿ ಹೆಚ್ಚುಕಡಿಮೆ ಅರ್ಧ ಹಾಗೆ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಅಮಾಕ್ಸಿಸಿಲಿನ್ ಇನ್ನೂ ಜಾಸ್ತಿ. ಅಮಾಕ್ಸಿಸಿಲಿನ್ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಹಟಮಾರಿ. ಕೆಸರಿಗೆ ಅಂಟಿಕೊಂಡು ಕೂರುತ್ತದೆ.

ಇಷ್ಟು ಜನ ಒತ್ತೊತ್ತಾಗಿ ಕೂತ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಒಂದು ಕೆಲಸ ಮಾಡುತ್ತವೆ. ನಾವು ಜೀನ್‌ಗಳನ್ನು ಅಪ್ಪ ಅಮ್ಮನಿಂದ ಮಾತ್ರ ಪಡೆಯುತ್ತೇವೆ. ಅವು ಪಕ್ಕದವರಿಂದಲೂ ಪಡೆಯುತ್ತವೆ. ಪರೀಕ್ಷೆ ಹಾಲ್‌ನಲ್ಲಿ ಕಾಪಿ ಚೀಟಿ ದಾಟಿಸಿದ ಹಾಗೆ. ಆ ಚೀಟಿಗೆ ಪ್ಲಾಸ್ಮಿಡ್ ಅಂತ ಹೆಸರು. ಮುಖ್ಯ ಡಿಎನ್‌ಎಯಿಂದ ಬೇರೆಯಾಗಿ, ಉಂಗುರದ ಥರ ಸುತ್ತಿಕೊಂಡಿರುವ ಪುಟ್ಟ ಡಿಎನ್‌ಎ ತುಂಡು. ಒಂದು ಕೋಶ ಇನ್ನೊಂದಕ್ಕೆ ಕೊಳವೆ ಚಾಚಿ ಪ್ಲಾಸ್ಮಿಡ್‌ನ ಪ್ರತಿಯನ್ನು ದಾಟಿಸುತ್ತದೆ. ಕೊಟ್ಟವರ ಬಳಿಯೂ ಒಂದು ಉಳಿಯುತ್ತದೆ. ತೆಗೆದುಕೊಳ್ಳುವವರು ಬೇರೆ ಜಾತಿಯ ಬ್ಯಾಕ್ಟೀರಿಯಾ ಆದರೂ ಎಷ್ಟೋ ಸಲ ನಡೆಯುತ್ತದೆ. ಒಂದೇ ಚೀಟಿಯಲ್ಲಿ ಐದಾರು ಮದ್ದುಗಳಿಗೆ ಉತ್ತರ ಬರೆದಿರುವುದೂ ಉಂಟು.

ಇದು ಒಮ್ಮುಖ ದಾರಿಯೂ ಅಲ್ಲ. ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಸೆಫೊಟ್ಯಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ಗಳನ್ನು ಕೆಲಸಕ್ಕೆ ಬಾರದಂತೆ ಮಾಡುತ್ತಿರುವ ಸಿಟಿಎಕ್ಸ್-ಎಂ ಅನ್ನುವ ಜೀನ್ ಇದೆ. ಅದು ಮೊದಲು ಇದ್ದದ್ದು ಕ್ಲೈವೆರಾ ಅನ್ನುವ, ಪರಿಸರದಲ್ಲಿ ತನ್ನ ಪಾಡಿಗೆ ಬದುಕುವ ಬ್ಯಾಕ್ಟೀರಿಯಾದ ಬಳಿ. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಮದ್ದಿನಿಂದ ಕಾಪಾಡುವ ಕ್ಯುಎನ್‌ಆರ್-ಎ ಜೀನ್ ಬಂದದ್ದು ಶೆವನೆಲ್ಲಾ ಅನ್ನುವ ನೀರಿನ ಬ್ಯಾಕ್ಟೀರಿಯಾದಿಂದ. ಕೆನಡಾದ ಯುಕಾನ್‌ನಲ್ಲಿ 30,000 ವರ್ಷ ಹಿಂದಿನ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಮದ್ದು ನಾಟದಂತೆ ಮಾಡುವ ಇಂಥ ಜೀನ್‌ಗಳು, ಅಂದರೆ ಪ್ರತಿರೋಧ ಜೀನ್‌ಗಳು, ಸಿಕ್ಕಿವೆ. ಅಂದರೆ ವಿದ್ಯೆ ಹಳೆಯದು. ಹೊಸದೇನಪ್ಪಾ ಅಂದರೆ, ಕೆರೆ, ನದಿ, ಮಣ್ಣಿನಲ್ಲಿ ಚದುರಿದ್ದ ಆ ವಿದ್ಯೆಯನ್ನೂ ಮನುಷ್ಯರಿಗೆ ರೋಗ ತರುವ ಬ್ಯಾಕ್ಟೀರಿಯಾವನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಮೇಲಿಂದ ಚೂರು ಮದ್ದು ಚಿಮುಕಿಸುತ್ತಿರುವುದು ನಾವು.

ಚೂರು ಅಂದರೆ ಎಷ್ಟು? ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು 2011ರಲ್ಲಿ ಇದನ್ನು ಅಳೆದರು. ಬ್ಯಾಕ್ಟೀರಿಯಾ ಸಾಯಲು ಬೇಕಾದಷ್ಟು ಮದ್ದು ಇದ್ದರೆ ಮಾತ್ರ ಪ್ರತಿರೋಧ ಬೆಳೆಯುತ್ತದೆ ಅಂತ ಅಲ್ಲಿಯತನಕ ಒಂದು ನಂಬಿಕೆ ಇತ್ತು. ಹಾಗಲ್ಲ ಅಂತ ಗೊತ್ತಾಯಿತು. ಮಾಮೂಲಿ ಬ್ಯಾಕ್ಟೀರಿಯಾ ಸಾಯದೆ ಸ್ವಲ್ಪ ಮಂಕಾದರೂ ಸಾಕು. ಪ್ರತಿರೋಧ ಇರುವುದು ಕೂದಲೆಳೆಯಷ್ಟು ಮುಂದೆ ಓಡುತ್ತದೆ. ತಲೆಮಾರು ತಲೆಮಾರಿಗೂ ಆ ಅಂತರ ಬೆಳೆಯುತ್ತದೆ. ಇ. ಕೋಲಿಗೆ ಅನುಕೂಲ ಇದ್ದರೆ 20 ನಿಮಿಷಕ್ಕೊಂದು ತಲೆಮಾರು! ಸಿಪ್ರೊಫ್ಲಾಕ್ಸಾಸಿನ್ ವಿಷಯದಲ್ಲಿ ಅವರ ಪ್ರಯೋಗದಲ್ಲಿ ಸಿಕ್ಕ ಪ್ರಮಾಣ ಲೀಟರಿಗೆ 0.1 ಮೈಕ್ರೋಗ್ರಾಂ.

ಈ ಅಂಕಿ ತಲೆಗೆ ಹೋಗುವುದು ಕಷ್ಟ. ಹೀಗೆ ನೋಡೋಣ. 500 ಮಿಲಿಗ್ರಾಂನ ಒಂದು ಮಾತ್ರೆಯನ್ನು 50 ಲಕ್ಷ ಲೀಟರ್ ನೀರಿನಲ್ಲಿ ಕರಗಿಸಿದರೆ ಆ ಪ್ರಮಾಣ ಸಿಗುತ್ತದೆ. ಬೇಸಿಗೆಯಲ್ಲಿ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ಗೊತ್ತಲ್ಲ? ಅಂಥ ಎಂಟುನೂರಕ್ಕೂ ಹೆಚ್ಚು ಟ್ಯಾಂಕರ್‌ಗಳಿಗೆ ಒಂದು ಮಾತ್ರೆ.

ಪಟಾನ್‌ಚೆರು

ಈಗ ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿಗೆ ಹೋಗೋಣ. ಈ ವಿಷಯದಲ್ಲಿ ಜಗತ್ತಿನ ಯಾವುದೇ ವಿಜ್ಞಾನಿಯನ್ನು ಕೇಳಿ, ಆ ಹೆಸರು ಗೊತ್ತಿರುತ್ತದೆ. ಹೆಮ್ಮೆಪಡುವ ಕಾರಣಕ್ಕಲ್ಲ.

ಅಲ್ಲಿ ಔಷಧದ ಮೂಲ ವಸ್ತು ತಯಾರಿಸುವ ಕಾರ್ಖಾನೆಗಳ ಸಾಲೇ ಇದೆ. ಸುಮಾರು 90 ಕಾರ್ಖಾನೆಗಳ ತ್ಯಾಜ್ಯ ನೀರು ಒಂದು ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಬರುತ್ತಿತ್ತು. ದಿನಕ್ಕೆ 15 ಲಕ್ಷ ಲೀಟರಿನಷ್ಟು. ಅಲ್ಲಿ ಶುದ್ಧವಾದ ನೀರು ಇಸಕವಾಗು, ನಕ್ಕವಾಗು ಅನ್ನುವ ಹಳ್ಳಗಳಿಗೆ ಬಿದ್ದು ಮಂಜೀರ ನದಿ ಸೇರಿ ಗೋದಾವರಿಯತ್ತ ಹೋಗುತ್ತಿತ್ತು. ನಮ್ಮ ಬೀದರ್ ಕಡೆಯವರ ಮಾಂಜ್ರಾ ನದಿಯೇ ಅದು. ಪುಣ್ಯಕ್ಕೆ ಬೀದರ್ ಇರುವುದು ಹರಿವಿನ ಮೇಲುಗಡೆ. ಈ ನೀರು ಸೇರುವುದು ನದಿ ಕರ್ನಾಟಕ ದಾಟಿದ ಮೇಲೆ.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಯೋಆಕಿಮ್ ಲಾರ್ಸನ್ ಮತ್ತು ಜೊತೆಗಾರರು ಆ ಘಟಕದಿಂದ ಹೊರಬರುವ ನೀರನ್ನು ಪರೀಕ್ಷೆ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಳಗೆ ಹೋಗುವ ನೀರಲ್ಲ, ಶುದ್ಧ ಮಾಡಿ ಹೊರಬಿಟ್ಟ ನೀರು. ಅದರಲ್ಲಿ ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ 31 ಮಿಲಿಗ್ರಾಂ ತನಕ ಇತ್ತು. ಮಾತ್ರೆ ತೆಗೆದುಕೊಂಡ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಜಾಸ್ತಿ. ಮೇಲೆ ಹೇಳಿದ 0.1 ಮೈಕ್ರೋಗ್ರಾಂಗೆ ಹೋಲಿಸಿದರೆ ಮೂರು ಲಕ್ಷ ಪಟ್ಟು. ಒಂದು ದಿನಕ್ಕೆ ಹರಿದುಹೋಗುತ್ತಿದ್ದದ್ದು ಸುಮಾರು 45 ಕಿಲೋ. ಇಡೀ ಸ್ವೀಡನ್ ದೇಶಕ್ಕೆ ಐದು ದಿನ ಸಾಕಾಗುವಷ್ಟು. ಮಾತ್ರೆ ಲೆಕ್ಕದಲ್ಲಿ 90,000. ಇಷ್ಟು ಮದ್ದನ್ನು ಸುಮ್ನೆ ಹಳ್ಳಕ್ಕೆ ಬಿಡುವುದು ಕಾರ್ಖಾನೆಗೂ ನಷ್ಟವೇ ಅಲ್ವಾ ಅಂತ ನನಗೆ ಮೊದಲ ಸಲ ಓದಿದಾಗ ಅನ್ನಿಸಿತ್ತು.

ಆ ಘಟಕದ ಇನ್ನೊಂದು ವಿವರ ನನಗೆ ಈ ಅಂಕಿಗಳಿಗಿಂತ ಮುಖ್ಯ ಅನ್ನಿಸುತ್ತದೆ. ರಾಸಾಯನಿಕಗಳೇ ತುಂಬಿದ ನೀರಿನಲ್ಲಿ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯುವುದಿಲ್ಲ. ಹಾಗಾಗಿ ಸಂಸ್ಕರಣೆ ಚೆನ್ನಾಗಿ ನಡೆಯಲಿ ಅಂತ ಅದಕ್ಕೆ ಮನುಷ್ಯರ ಶೌಚದ ಕೊಳಚೆಯನ್ನು ಬೆರೆಸುತ್ತಿದ್ದರು. ಇಂಜಿನಿಯರಿಂಗ್ ದೃಷ್ಟಿಯಿಂದ ಇದು ಒಪ್ಪುವ ಉಪಾಯ. ಬಿಒಡಿ ಇಳಿಯುತ್ತದೆ, ವರದಿ ಚೆನ್ನಾಗಿ ಬರುತ್ತದೆ. ಆದರೆ ಪ್ರತಿರೋಧದ ದೃಷ್ಟಿಯಿಂದ ನೋಡಿ. ಮನುಷ್ಯರ ಹೊಟ್ಟೆಯ ಬ್ಯಾಕ್ಟೀರಿಯಾವನ್ನು ತಂದು ಮದ್ದಿನ ತೊಟ್ಟಿಗೆ ಇಳಿಸಿ, ಗಾಳಿ ಊದಿ, ಬದುಕಿದವನ್ನು ಕೆಸರಿನ ರೂಪದಲ್ಲಿ ಉಳಿಸಿಕೊಂಡು ಮತ್ತೆ ನಾಳೆಗೆ ಹೆಪ್ಪು ಹಾಕಿದಂತಾಯಿತು. ತಪ್ಪು ಮಾಡಬೇಕು ಅಂತ ಯಾರೂ ಮಾಡಿದ್ದಲ್ಲ. ಅಳತೆಗೋಲು ಯಾವುದನ್ನು ನೋಡುತ್ತದೋ ಅದನ್ನು ಸರಿ ಮಾಡಿದರು, ಅಷ್ಟೇ.

ಆ ಘಟಕದಲ್ಲಿದ್ದ ಬ್ಯಾಕ್ಟೀರಿಯಾವನ್ನೇ ಹಿಡಿದು ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಬಂತು. ಬೇರ್ಪಡಿಸಿದ ತಳಿಗಳಲ್ಲಿ ನೂರಕ್ಕೆ 86 ತಳಿಗಳಿಗೆ 20 ಅಥವಾ ಹೆಚ್ಚು ಆ್ಯಂಟಿಬಯಾಟಿಕ್‌ಗಳು ನಾಟುತ್ತಿರಲಿಲ್ಲ. ಹತ್ತಿರದ ಕಾಜಿಪಲ್ಲಿ ಕೆರೆಗೆ ಕಾರ್ಖಾನೆ ತ್ಯಾಜ್ಯವನ್ನು ಕದ್ದು ಸುರಿದ ಇತಿಹಾಸ ಇದೆ. ಅಲ್ಲಿನ ಕೆಸರಿನ ಡಿಎನ್‌ಎ ಓದಿದ 2014ರ ಅಧ್ಯಯನದಲ್ಲಿ, ಹೋಲಿಕೆಗೆ ತೆಗೆದುಕೊಂಡ ಸ್ವೀಡನ್ನಿನ ಕೆರೆಗಿಂತ ಪ್ರತಿರೋಧ ಜೀನ್‌ಗಳು ಸುಮಾರು 7,000 ಪಟ್ಟು ಜಾಸ್ತಿ ಇದ್ದವು.

ಆಮೇಲೆ ಏನು ಮಾಡಿದರು? ಘಟಕದ ನೀರನ್ನು 18 ಕಿಲೋಮೀಟರ್ ಪೈಪಿನಲ್ಲಿ ಹೈದರಾಬಾದಿನ ಅಂಬರ್‌ಪೇಟೆಯ ಎಸ್‌ಟಿಪಿ ಕಡೆಗೆ ತಿರುಗಿಸಿದರು. ಅಲ್ಲಿ ಊರಿನ ಕೊಳಚೆಯ ಜೊತೆ ಬೆರೆತು ಮೂಸಿ ನದಿ ಸೇರಲು. ಹಳ್ಳದ ಜನರಿಗೆ ಕೊಂಚ ನಿರಾಳ ಆಗಿರಬಹುದು. ಆದರೆ ಲೆಕ್ಕ ಮತ್ತೆ ಅದೇ ಹಳೆಯದು: ತೆಳು ಮಾಡು, ಸರಿಹೋಗುತ್ತದೆ.

ಕಾರ್ಖಾನೆ ಇಲ್ಲದ ಊರಿನಲ್ಲಿ?

ಪಟಾನ್‌ಚೆರು ವಿಪರೀತದ ಉದಾಹರಣೆ. ಮಾಮೂಲಿ ಊರಿನ ಎಸ್‌ಟಿಪಿಯಲ್ಲಿ ಮದ್ದಿನ ಪ್ರಮಾಣ ಅದರ ಹತ್ತಿರಕ್ಕೂ ಬರುವುದಿಲ್ಲ. ಅಲ್ಲೂ ಪ್ರತಿರೋಧ ಬೆಳೆಯುತ್ತದೆಯೇ, ಇಲ್ಲಾ ಬಂದದ್ದು ಹಾಗೇ ದಾಟಿಹೋಗುತ್ತದೆಯೇ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆ. ಯುರೋಪಿನ ಎಷ್ಟೋ ಘಟಕಗಳಲ್ಲಿ ಪ್ರತಿರೋಧ ಜೀನ್‌ಗಳ ಒಟ್ಟು ಸಂಖ್ಯೆ ಚೆನ್ನಾಗಿ ಇಳಿಯುತ್ತದೆ. ಕೆಲವು ಕಡೆ ಉಳಿದ ಬ್ಯಾಕ್ಟೀರಿಯಾಗಳಲ್ಲಿ ಪ್ರತಿರೋಧ ಇರುವವುಗಳ ಪಾಲು ಏರುತ್ತದೆ, ಕೆಲವು ಕಡೆ ಏರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಜಗಳ ಎರಡನೆಯ ಪ್ರಶ್ನೆ. ಹೆಪ್ಪನ್ನು ಮಾಡಿದ್ದು ಯಾರು ಅನ್ನುವುದಕ್ಕಿಂತ ಅದು ಎಲ್ಲಿಗೆ ಹೋಯಿತು ಅನ್ನುವುದು ಮುಖ್ಯ.

ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಎನ್‌ಡಿಎಂ-1 ಅನ್ನುವ ಜೀನ್‌ನ ಕಥೆ ಸಾಕು. ಮೆರೊಪೆನಮ್‌ನಂಥ, ಐಸಿಯುಗಳಲ್ಲಿ ಕೊನೆಗೆ ಕೈಗೆತ್ತಿಕೊಳ್ಳುವ ಮದ್ದನ್ನೇ ಇದು ಮುರಿಯುತ್ತದೆ. ದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಸಿಕ್ಕಿದ್ದರಿಂದ ಹೆಸರಿನಲ್ಲಿ ನವದೆಹಲಿ ಸೇರಿಕೊಂಡಿತು. ಹೆಸರಿನ ಬಗ್ಗೆ ನಮ್ಮಲ್ಲಿ ದೊಡ್ಡ ಗಲಾಟೆಯೇ ಆಯಿತು. ಗಲಾಟೆ ನಡೆಯುತ್ತಿದ್ದಾಗಲೇ, 2010ರಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ನೀರು, ಮೋರಿಯ ಪಕ್ಕ ಒಸರುವ ನೀರಿನ 171 ಮಾದರಿ ಮತ್ತು ನಲ್ಲಿ ನೀರಿನ 50 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಬೀದಿಯ ನೀರಿನ 51 ಮಾದರಿಗಳಲ್ಲಿ, ನಲ್ಲಿ ನೀರಿನ 2 ಮಾದರಿಗಳಲ್ಲಿ ಆ ಜೀನ್ ಇತ್ತು. ಕಾಲರಾ ತರುವ ಬ್ಯಾಕ್ಟೀರಿಯಾದ ಬಳಿಯೂ ಈ ಚೀಟಿ ಆಗಲೇ ತಲುಪಿತ್ತು.

ಸೆಕೆಯ ಮಾತು ಮತ್ತೆ ಬರುತ್ತದೆ ಅಂದಿದ್ದೆ. ಅದೇ ಅಧ್ಯಯನದಲ್ಲಿ ಪ್ಲಾಸ್ಮಿಡ್ ಒಂದರಿಂದ ಇನ್ನೊಂದಕ್ಕೆ ದಾಟುವುದು ಯಾವ ಉಷ್ಣಾಂಶದಲ್ಲಿ ಜಾಸ್ತಿ ಅಂತಲೂ ನೋಡಿದರು. ನಮ್ಮ ದೇಹದ 37 ಡಿಗ್ರಿಯಲ್ಲಿ ಅಲ್ಲ, 25ರಲ್ಲೂ ಅಲ್ಲ, 30 ಡಿಗ್ರಿಯಲ್ಲಿ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ನಮ್ಮ ಮೋರಿಗಳು ಇರುವುದು ಅದರ ಆಸುಪಾಸಿನಲ್ಲೇ.

ಮೂರು ವರ್ಷದ ನಂತರ, 2013ರಲ್ಲಿ, ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪದಿಂದ ತಂದ ಮಣ್ಣಿನಲ್ಲೂ ಎನ್‌ಡಿಎಂ-1 ಇತ್ತು. ಹಕ್ಕಿ ಹಿಕ್ಕೆ, ಪ್ರಾಣಿಗಳು, ಬಂದುಹೋದ ಮನುಷ್ಯರು, ಇವುಗಳಲ್ಲಿ ಯಾವುದರ ಮೂಲಕವಾದರೂ ಹೋಗಿರಬೇಕು ಅನ್ನುವ ಊಹೆ.

ಸರಿ, ನದಿಯಲ್ಲಿ ಇದ್ದರೆ ನಮಗೇನು? ಆ ನೀರಿನಲ್ಲಿ ಬೆಳೆದ ಸೊಪ್ಪು, ಅಲ್ಲಿ ಈಜಿದಾಗ ನುಂಗಿದ ಗುಟುಕು, ಕೈ, ತುತ್ತು. ಬ್ರಿಟನ್ನಿನಲ್ಲಿ ಅಲೆಯ ಮೇಲೆ ಹಲಗೆ ಆಡುವವರ, ಅಂದರೆ ಸರ್ಫಿಂಗ್ ಮಾಡುವವರ ಮೇಲೆ 2018ರಲ್ಲಿ ಒಂದು ಅಧ್ಯಯನ ಬಂತು. ಸಮುದ್ರಕ್ಕೆ ಆಗಾಗ ಇಳಿಯುವ ಈ ಜನ ನೀರು ಕುಡಿಯುವುದೂ ಜಾಸ್ತಿ. ಸೆಫೊಟ್ಯಾಕ್ಸಿಮ್ ನಾಟದ ಇ. ಕೋಲಿ ಅವರಲ್ಲಿ ನೂರಕ್ಕೆ 9 ಜನರ ಹೊಟ್ಟೆಯಲ್ಲಿತ್ತು. ಸಮುದ್ರಕ್ಕೆ ಇಳಿಯದವರಲ್ಲಿ ನೂರಕ್ಕೆ 3. ಇದರಿಂದ ಆ ಕ್ಷಣಕ್ಕೆ ಕಾಯಿಲೆ ಬರುವುದಿಲ್ಲ. ಅದು ಕರುಳಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಇರುತ್ತದೆ. ಯಾವತ್ತೋ ಮೂತ್ರದ ಸೋಂಕು ಆದಾಗ, ಆಪರೇಷನ್ ಆದಾಗ ಎದ್ದುಬರುತ್ತದೆ. ಆಗ ಡಾಕ್ಟರು ಬರೆದ ಮಾತ್ರೆ ಕೆಲಸ ಮಾಡುವುದಿಲ್ಲ. ನೀರಿಗೂ ಆ ಸೋಂಕಿಗೂ ಸಂಬಂಧ ಇದೆ ಅಂತ ರೋಗಿಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ. 2019ರಲ್ಲಿ ಪ್ರತಿರೋಧವೇ ನೇರ ಕಾರಣವಾಗಿ ಜಗತ್ತಿನಲ್ಲಿ ಸತ್ತವರು ಸುಮಾರು 12.7 ಲಕ್ಷ ಅಂತ ಒಂದು ಅಂದಾಜಿದೆ. ಅದರಲ್ಲಿ ನೀರಿನ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಆಗದೆ ಇರುವುದು ಇದಕ್ಕೇ.

ಕೋಲಾರದ ಕೆರೆಗಳು

ಇಷ್ಟೆಲ್ಲ ಓದಿದ ಮೇಲೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುವ ಯೋಜನೆ. ದಿನಕ್ಕೆ 40 ಕೋಟಿ ಲೀಟರಿನ ಲೆಕ್ಕ. 2018ರ ಜೂನಿನಲ್ಲಿ ನೀರು ಹರಿಯಿತು. ಮರು ತಿಂಗಳೇ ನೊರೆ ಕಾಣಿಸಿ ಗದ್ದಲವಾಯಿತು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಅಲ್ಲಿನ ರೈತ ಹೋರಾಟಗಾರರು ಆಗಿನಿಂದ ಕೇಳುತ್ತಿದ್ದಾರೆ.

ಇಲ್ಲಿ ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಜಿಲ್ಲೆಗೆ ಈ ನೀರು ಬಂದು ಕೆರೆ ತುಂಬಿದೆ, ಬೋರ್‌ವೆಲ್ ಮೇಲೆದ್ದಿವೆ. ಆ ನೀರನ್ನು ನೇರವಾಗಿ ಕುಡಿಯಲು ಕೊಡುವುದಿಲ್ಲ. ಕೆರೆಯ ತಳದ ಮಣ್ಣು ಇಳಿಯುವ ನೀರಿನ ಬ್ಯಾಕ್ಟೀರಿಯಾವನ್ನು ಬಹಳಷ್ಟು ಸೋಸುತ್ತದೆ. ಬಿಸಿಲಿಗೂ ಒಂದಷ್ಟು ಸಾಯುತ್ತವೆ. ಸಿಪ್ರೊಫ್ಲಾಕ್ಸಾಸಿನ್ ಕೂಡ ಬಿಸಿಲಿಗೆ ಒಡೆಯುತ್ತದೆ. ಆದರೆ ಕೋಲಾರದ ಕೆಳಗಿರುವುದು ಗಟ್ಟಿ ಬಂಡೆ. ಬಂಡೆಯ ಬಿರುಕಿನಲ್ಲಿ ನೀರು ಇಳಿಯುವಾಗ ಮಣ್ಣಿನಲ್ಲಿ ಸೋಸಿದಂತೆ ಸೋಸುವುದಿಲ್ಲ. ಕೆರೆಯ ಕೆಳಗಿನ ಟೊಮೇಟೊ, ಕೊತ್ತಂಬರಿ ಮತ್ತೆ ಬೆಂಗಳೂರಿನ ಮಾರುಕಟ್ಟೆಗೇ ಬರುತ್ತದೆ ಅನ್ನುವುದನ್ನೂ ಮರೆಯಬಾರದು.

ಇಷ್ಟು ಕೇಳಿ "ಹಾಗಾದರೆ ಎಸ್‌ಟಿಪಿಯೇ ಬೇಡ" ಅನ್ನುವವರಿಗೆ ಒಂದು ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ಲೆಕ್ಕದಲ್ಲಿ ದೇಶದ ನಗರಗಳ ಕೊಳಚೆ ದಿನಕ್ಕೆ 7,236 ಕೋಟಿ ಲೀಟರ್. ನಿಜವಾಗಿ ಶುದ್ಧವಾಗುತ್ತಿದ್ದದ್ದು 2,023 ಕೋಟಿ. ಉಳಿದದ್ದು ಸೀದಾ ಹಳ್ಳ, ನದಿ, ಕೆರೆಗೆ. ಲೋಟಕ್ಕೆ ಒಂದು ಲಕ್ಷ ಇರುವ ನೀರಿನ ಬಗ್ಗೆ ಮಾತಾಡುತ್ತಾ ಲೋಟಕ್ಕೆ ಕೋಟಿ ಇರುವ ನೀರನ್ನು ಮರೆತರೆ ಹೇಗೆ? ಹಲವು ದೇಶಗಳ ಅಂಕಿಅಂಶ ಹೋಲಿಸಿದ 2018ರ ಅಧ್ಯಯನವೊಂದರಲ್ಲಿ, ಪ್ರತಿರೋಧ ಎಲ್ಲಿ ಜಾಸ್ತಿ ಅನ್ನುವುದಕ್ಕೆ ಜನ ಎಷ್ಟು ಆ್ಯಂಟಿಬಯಾಟಿಕ್ ನುಂಗುತ್ತಾರೆ ಅನ್ನುವುದಕ್ಕಿಂತ ಚರಂಡಿ, ಶೌಚ, ನೀರಿನ ವ್ಯವಸ್ಥೆ ಹೇಗಿದೆ ಅನ್ನುವುದೇ ಹೆಚ್ಚು ತಾಳೆಯಾಯಿತು. ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆ ನೋಡಿ, ಡಾಕ್ಟರನ್ನು ಕೇಳದೆ ನುಂಗಬೇಡಿ ಅನ್ನುವುದು ಸರಿಯೇ. ಆದರೆ ಮೋರಿಯ ಕೆಲಸವನ್ನು ಮಾತ್ರೆಯ ಗೆರೆ ಮಾಡುವುದಿಲ್ಲ.

ಮೂರನೇ ಹಂತದಲ್ಲಿ ಏನೇನು ಮಾಡಬಹುದು? ಕ್ಲೋರಿನ್ ಹಾಕಿದರೆ ಕೋಶ ಸಾಯುತ್ತದೆ, ಆದರೆ ಒಡೆದ ಕೋಶದಿಂದ ಹೊರಬಿದ್ದ ಡಿಎನ್‌ಎ ತುಂಡು ಸ್ವಲ್ಪ ಕಾಲ ನೀರಿನಲ್ಲೇ ಉಳಿಯಬಹುದು. ಸತ್ತವನ ಜೇಬಿನ ಚೀಟಿಯನ್ನು ಇನ್ನೊಬ್ಬ ಎತ್ತಿಕೊಳ್ಳುವ ಸಾಧ್ಯತೆ ಇದ್ದೇ ಇದೆ. ಜೋರಾದ ಯುವಿ ಬೆಳಕು ಡಿಎನ್‌ಎಯನ್ನೇ ಹಾಳು ಮಾಡುತ್ತದೆ. ಕಿರು ರಂಧ್ರದ ಪೊರೆಯಲ್ಲಿ ಸೋಸಿದರೆ ಬ್ಯಾಕ್ಟೀರಿಯಾ ಈಚೆಗೇ ನಿಲ್ಲುತ್ತದೆ. ಓಜೋನ್, ಇದ್ದಿಲು ಮದ್ದಿನ ಅಂಶವನ್ನು ತೆಗೆಯುತ್ತವೆ. ಎಲ್ಲದಕ್ಕೂ ಕರೆಂಟ್ ಬೇಕು, ದುಡ್ಡು ಬೇಕು. ಸ್ವಿಟ್ಜರ್ಲೆಂಡ್ 2016ರಿಂದ ದೊಡ್ಡ ಘಟಕಗಳಿಗೆ ಇಂಥ ಹೆಚ್ಚುವರಿ ಹಂತವನ್ನು ಕಡ್ಡಾಯ ಮಾಡುತ್ತಾ ಬಂದಿದೆ. ಯುರೋಪಿನ ಒಕ್ಕೂಟ 2024ರಲ್ಲಿ ಹೊಸ ನಿಯಮ ಮಾಡಿ, ಆ ಖರ್ಚಿನಲ್ಲಿ ಕನಿಷ್ಠ ನೂರಕ್ಕೆ 80ರಷ್ಟನ್ನು ಔಷಧ ಮತ್ತು ಸೌಂದರ್ಯ ಸಾಮಗ್ರಿ ಕಂಪನಿಗಳ ತಲೆಗೆ ಕಟ್ಟಿತು. ಕಂಪನಿಗಳು ಕೂಗಾಡುತ್ತಿವೆ, ಆ ಮಾತು ಬೇರೆ.

ನಮ್ಮಲ್ಲಿ 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಕರಡು ಹೊರಡಿಸಿತ್ತು. ಔಷಧ ಕಾರ್ಖಾನೆಗಳ ನೀರಿನಲ್ಲಿ ಯಾವ ಆ್ಯಂಟಿಬಯಾಟಿಕ್ ಎಷ್ಟು ಇರಬಹುದು ಅಂತ ಒಂದೊಂದಕ್ಕೂ ಮಿತಿ ಹೇಳಿದ್ದ ಕರಡು. ಜಗತ್ತಿನಲ್ಲೇ ಮುಂದಿನ ಹೆಜ್ಜೆ ಅಂತ ಎಲ್ಲ ಕಡೆ ಹೊಗಳಿದರು. 2021ರ ಆಗಸ್ಟಿನಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳು ಅದರಲ್ಲಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಕಾರ್ಖಾನೆ ತ್ಯಾಜ್ಯದ ಬಗ್ಗೆ ತನ್ನ ಮೊದಲ ಮಾರ್ಗಸೂಚಿ ಕೊಟ್ಟಿದೆ. ಅದು ಸಲಹೆ, ಕಾನೂನಲ್ಲ.

ಅದೇ ಸಂಸ್ಥೆ 2021ರಲ್ಲಿ ಟ್ರೈಸೈಕಲ್ ಅನ್ನುವ ಹೆಸರಿನಲ್ಲಿ ಒಂದು ಸರಳ ಪರೀಕ್ಷಾ ಕ್ರಮವನ್ನೂ ಕೊಟ್ಟಿದೆ. ಮನುಷ್ಯ, ಆಹಾರದ ಪ್ರಾಣಿ, ನೀರು, ಮೂರರಲ್ಲೂ ಒಂದೇ ಬ್ಯಾಕ್ಟೀರಿಯಾವನ್ನು, ಅಂದರೆ ಸೆಫೊಟ್ಯಾಕ್ಸಿಮ್ ಗುಂಪಿನ ಮದ್ದು ನಾಟದ ಇ. ಕೋಲಿಯನ್ನು ಎಣಿಸುವುದು. ಅದರ ಹಿಂದಿನ ಉಪಾಯ ಬಲು ಹಳೆಯದು. ಬ್ಯಾಕ್ಟೀರಿಯಾ ಬೆಳೆಯುವ ಅಗಾರ್ ಹಾಕಿದ ಎರಡು ತಟ್ಟೆ. ಒಂದರಲ್ಲಿ ಬರೀ ಅಗಾರ್, ಇನ್ನೊಂದಕ್ಕೆ ಅಳತೆ ಮಾಡಿ ಮದ್ದು ಬೆರೆಸಿರುತ್ತದೆ. ಎರಡಕ್ಕೂ ಅದೇ ನೀರು ಸವರಿ ರಾತ್ರಿಯಿಡೀ ಬೆಚ್ಚಗೆ ಇಡಬೇಕು. ಮೆಕಾಂಕಿ ಅಗಾರ್ ಆದರೆ ಇ. ಕೋಲಿ ಇದ್ದಲ್ಲಿ ಬೆಳಗ್ಗೆ ಗುಲಾಬಿ ಚುಕ್ಕಿಗಳು. ಎರಡೂ ತಟ್ಟೆಯ ಚುಕ್ಕಿ ಎಣಿಸಿದರೆ ಎಷ್ಟರಲ್ಲಿ ಎಷ್ಟಕ್ಕೆ ಮದ್ದು ನಾಟುವುದಿಲ್ಲ ಅಂತ ಗೊತ್ತಾಗುತ್ತದೆ. ಮೈಕ್ರೋಬಯಾಲಜಿ ಇರುವ ಯಾವ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಾದರೂ ಮಾಡಬಹುದಾದ ಕೆಲಸ. ಬಿಒಡಿಗೆ ಮೂರು ದಿನ ಕಾಯಬೇಕು, ಇದಕ್ಕೆ ಒಂದು ರಾತ್ರಿ. ಮುಂದಿನ ಸಲ ಎಸ್‌ಟಿಪಿಗೆ ಹೋದಾಗ ಆ ಎರಡು ಬಾಟಲಿಗಳ ಪಕ್ಕದಲ್ಲಿ ಈ ಎರಡು ತಟ್ಟೆಗಳನ್ನೂ ತೋರಿಸಿ ಅಂತ ಕೇಳಬೇಕು ಅಂದುಕೊಂಡಿದ್ದೇನೆ.